ಹೇಳಿದ ದಿನ ಬರುವವರು

ಜೈಲಿನ ಹೆಬ್ಬಾಗಿಲು ಪೂರ್ತಿ ತೆರೆಯುವುದು ವಾಹನಗಳಿಗೆ ಮಾತ್ರ. ಮನುಷ್ಯರಿಗೆ ಇರುವುದು ಅದರಲ್ಲೇ ಕೊರೆದ ದಿಡ್ಡಿ ಬಾಗಿಲು. ತಲೆ ತಗ್ಗಿಸಿ, ಒಂದು ಕಾಲನ್ನು ಎತ್ತಿ ಆಚೆ ಇಟ್ಟು, ಆಮೇಲೆ ಮೈಯನ್ನು ಒಳಗೆ ಎಳೆದುಕೊಳ್ಳಬೇಕು. ಒಳಗೆ ಬಂದ ಕೂಡಲೇ ಬೆನ್ನ ಹಿಂದೆ ಬೀಗ ಬೀಳುತ್ತದೆ. ಎದುರಿಗೆ ಇನ್ನೊಂದು ಬಾಗಿಲಿದೆ. ಮೊದಲಿನದು ಮುಚ್ಚುವವರೆಗೂ ಅದು ತೆರೆಯದು. ಎರಡರ ನಡುವಿನ ಮಬ್ಬು ಜಾಗದಲ್ಲಿ ಒಂದು ಮೇಜು, ದೊಡ್ಡ ರಿಜಿಸ್ಟರು, ಇಬ್ಬರು ಮೂವರು ವಾರ್ಡರುಗಳು. ಹೆಸರು, ಊರು, ಬಂದ ಹೊತ್ತು, ಬಂದ ಕಾರಣ, ಸಹಿ. ಮೊಬೈಲು ಅಲ್ಲೇ ಉಳಿಯುತ್ತದೆ. ಚೀಲದಲ್ಲಿದ್ದದ್ದೆಲ್ಲ ಮೇಜಿನ ಮೇಲೆ ಬರುತ್ತದೆ: ಒಂದು ತಮಿಳು ಬೈಬಲ್, ಒಂದು ಕನ್ನಡ ಬೈಬಲ್, ಅಂಚು ಸವೆದ ಹಾಡಿನ ಪುಸ್ತಕ, ಪುಟ್ಟ ಡಬ್ಬಿಯಲ್ಲಿ ಬಲಿಪೂಜೆಯ ರೊಟ್ಟಿ, ನೂಲಿಗೆ ಗಂಟು ಹಾಕಿ ಮಾಡಿದ ಜಪಸರಗಳು. ಸರಪಳಿಯಲ್ಲಿ ಪೋಣಿಸಿದ ಜಪಸರ ಒಳಗೆ ಹೋಗುವುದು ಕಷ್ಟ, ನೂಲಿನದಕ್ಕೆ ತಕರಾರು ಕಡಿಮೆ. ಬೆರಳುದ್ದದ ಬಾಟಲಿಯಲ್ಲಿ ದ್ರಾಕ್ಷಾರಸ ಇದ್ದರೆ ಅದಕ್ಕೆ ಮೊದಲೇ ಅನುಮತಿ ಬೇಕು. ಅನುಮತಿ ಇದ್ದರೂ ಗೇಟಿನಲ್ಲಿ ಹೊಸಬರು ಇದ್ದರೆ ಮತ್ತೆ ವಿವರಿಸಬೇಕು.

ಈ ಕೆಲಸದಲ್ಲಿ ಬಹಳ ವರ್ಷ ಸವೆಸಿದ ಒಬ್ಬ ಸಿಸ್ಟರ್ ಎರಡು ಬಾಗಿಲುಗಳ ನಡುವಿನ ಆ ಹೊತ್ತನ್ನು ಪ್ರಾರ್ಥನೆಗೆ ಇಟ್ಟುಕೊಂಡಿದ್ದರು. "ಅಲ್ಲಿ ನಾನೂ ಬೀಗದ ಒಳಗೇ ಇರ್ತೀನಲ್ಲ. ಆ ಒಂದು ನಿಮಿಷ ನಾನು ಯಾರು, ಇವರು ಯಾರು ಅನ್ನೋದು ಮರೆತುಹೋಗ್ಬೇಕು," ಎನ್ನುತ್ತಿದ್ದರು. ಸೆರೆಯಲ್ಲಿರುವವರ ಆತ್ಮದ ಆರೈಕೆ ಎಂಬ ಈ ಕಸುಬಿನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಆ ಮಾತು. ಕಸುಬು ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಒಳ್ಳೆಯ ಮನಸ್ಸು ಇದ್ದರೆ ಸಾಕು, ಜೈಲಿಗೆ ಹೋಗಿ ನಾಲ್ಕು ಒಳ್ಳೆಯ ಮಾತು ಹೇಳಿ ಬರಬಹುದು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಮಗ್ಗದ ಮುಂದೆ ಕೂತ ಕೂಡಲೇ ಯಾರೂ ಸೀರೆ ನೇಯುವುದಿಲ್ಲ. ಇದೂ ಹಾಗೆಯೇ.

ಸೇಲಂ ಕೇಂದ್ರ ಕಾರಾಗೃಹ ಇರುವುದು ಊರಿನ ಅಸ್ತಂಪಟ್ಟಿ ಕಡೆ, ಏರ್ಕಾಡು ಬೆಟ್ಟಕ್ಕೆ ಹೋಗುವ ದಿಕ್ಕಿನಲ್ಲಿ. ಬ್ರಿಟಿಷರ ಕಾಲದ ಕಟ್ಟಡ. ಸೇಲಂ ಮಾತ್ರವಲ್ಲ, ಧರ್ಮಪುರಿ, ಕೃಷ್ಣಗಿರಿ ಕಡೆಯ ಕೋರ್ಟುಗಳಲ್ಲಿ ಶಿಕ್ಷೆಯಾದವರೂ ಇಲ್ಲಿಗೆ ಬರುತ್ತಾರೆ. ಧರ್ಮಪುರಿ, ಹೊಸೂರುಗಳ ಜೈಲುಗಳಲ್ಲಿ ಕೆಲವು ದಿನ ಇದ್ದು, ಆಮೇಲೆ ತೊಪ್ಪೂರು ಘಾಟಿ ಇಳಿದು ಇಲ್ಲಿ ಸೇರುವವರೂ ಉಂಟು. ಈ ಗೋಡೆಗಳು ಕಂಡದ್ದು ಕಡಿಮೆಯಲ್ಲ. 1950ರ ಫೆಬ್ರವರಿ 11ರಂದು ಇದೇ ಜೈಲಿನೊಳಗೆ ನಡೆದ ಗೋಲಿಬಾರಿನಲ್ಲಿ 22 ಮಂದಿ ಕಮ್ಯುನಿಸ್ಟ್ ಕೈದಿಗಳು ಸತ್ತರು. ಅವರು ಪಾದ್ರಿಯನ್ನು ಕರೆಸಿಕೊಳ್ಳುವ ಪೈಕಿಯಲ್ಲ, ನಿಜ. ಆದರೂ ಅಲ್ಲಿ ಕಾಲಿಡುವ ಗುರುಗಳಿಗೆ ತಾವು ನಿಂತ ನೆಲ ಯಾವುದೆಂದು ಗೊತ್ತಿರಬೇಕು ಎಂಬುದು ನನ್ನ ಎಣಿಕೆ.

ಇನ್ನು ಕನ್ನಡದವರಿಗೆ ಈ ಸೀಮೆ ಪರಕೀಯವಲ್ಲ. ಬಾರಾಮಹಲ್ ಎಂದು ಕರೆಸಿಕೊಂಡ ಈ ನಾಡು 1792ರವರೆಗೆ ಮೈಸೂರಿನ ಕೈಯಲ್ಲಿತ್ತು. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಇಂದಿಗೂ ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾಗುವ ತನಕ ಅವೆಲ್ಲ ಧರ್ಮಪುರಿ ಜಿಲ್ಲೆಯವೇ. ಸೇಲಂ ಊರಿನಲ್ಲೇ ನೇಕಾರ ದೇವಾಂಗರ ಮನೆಗಳಲ್ಲಿ ಕನ್ನಡ ಕೇಳುತ್ತದೆ. ಕೋವಿಲೂರು, ಎಲತ್ತಗಿರಿಯಂಥ ಹಳೆಯ ಕ್ರೈಸ್ತ ಊರುಗಳು ಈ ಸೀಮೆಯಲ್ಲಿವೆ. ಲಂಡನ್ ಮಿಷನ್ನಿನವರು ಸೇಲಮ್ಮಿಗೆ ಬಂದದ್ದು 1827ರಲ್ಲಿ. ಕ್ಯಾಥೊಲಿಕರ ಸೇಲಂ ಧರ್ಮಪ್ರಾಂತ್ಯ ಆದದ್ದು 1930ರಲ್ಲಿ, ಅದರಿಂದ ಧರ್ಮಪುರಿ ಧರ್ಮಪ್ರಾಂತ್ಯ ಕವಲೊಡೆದದ್ದು 1997ರಲ್ಲಿ. ಪ್ರೊಟೆಸ್ಟೆಂಟ್ ಸಭಾಪಾಲಕರು, ಪಾಸ್ಟರುಗಳು, ಕ್ಯಾಥೊಲಿಕ್ ಗುರುಗಳು, ಕನ್ಯಾಸ್ತ್ರೀಯರು, ಶಾಲೆ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಸಾಮಾನ್ಯ ವಿಶ್ವಾಸಿಗಳು, ಹೀಗೆ ಈ ಸೇವೆಗೆ ಬರುವವರು ಹಲವು ಬಗೆ. ಊರವರು ತಮಿಳರಾಗಲಿ ಕನ್ನಡದವರಾಗಲಿ, ಗುರುಗಳನ್ನು ಕರೆಯುವುದು ಮಾತ್ರ 'ಸಾಮಿ' ಎಂದೇ.

ಕ್ಯಾಥೊಲಿಕರಲ್ಲಿ ಈ ಕೆಲಸಕ್ಕೆ ಒಂದು ಕ್ರಮ ಬಂದದ್ದು ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಸಂಸ್ಥೆಯಿಂದ. 1981ರಲ್ಲಿ ಕೇರಳದ ಕೋಟ್ಟಯಂ ಬಳಿಯ ವಡವಾತೂರಿನ ಗುರುಮಠದಲ್ಲಿ ಓದುತ್ತಿದ್ದ ಫ್ರಾನ್ಸಿಸ್ ಕೊಡಿಯನ್ ಮತ್ತು ವರ್ಗೀಸ್ ಕರಿಪ್ಪೇರಿ ಎಂಬ ಇಬ್ಬರು ಅದನ್ನು ಶುರುಮಾಡಿದರು. ಆಗ ಅವರಿನ್ನೂ ಗುರುಗಳೂ ಆಗಿರಲಿಲ್ಲ, ವಿದ್ಯಾರ್ಥಿಗಳು. ಇಂದು ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲಿದೆ. ದೇಶದ ಉದ್ದಗಲಕ್ಕೂ ಸ್ವಯಂಸೇವಕರಿದ್ದಾರೆ. ಅದರ ಪಾಲಕ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ. ಆಶ್ವಿಟ್ಜ್ ಶಿಬಿರದಲ್ಲಿ ಉಪವಾಸ ಕೆಡವಿ ಕೊಲ್ಲಲು ಆರಿಸಿದ ಒಬ್ಬ ಸಂಸಾರಸ್ಥನ ಬದಲಿಗೆ ತಾನು ಹೋಗುತ್ತೇನೆಂದು ಮುಂದೆ ಬಂದ ಪೋಲೆಂಡಿನ ಪಾದ್ರಿ. 1941ರ ಆಗಸ್ಟ್ 14ರಂದು ಸತ್ತರು. ಸೆರೆಯವರಿಗಾಗಿ ಸೆರೆಯವನೇ ಪಾಲಕ.

ಹೊಸಬರಿಗೆ ಮೊದಲ ಪಾಠ ಒಂದು ಪ್ರಶ್ನೆಯ ಬಗ್ಗೆ. ಆ ಪ್ರಶ್ನೆಯನ್ನು ಕೇಳಬಾರದು. "ಏನು ಮಾಡಿ ಬಂದೆ?"

ಸೆರೆಗೆ ಬಂದವನಿಗೆ ಈ ಪ್ರಶ್ನೆ ಹೊಸದಲ್ಲ. ಠಾಣೆಯಲ್ಲಿ ಕೇಳಿದ್ದಾರೆ, ಕೋರ್ಟಿನಲ್ಲಿ ಕೇಳಿದ್ದಾರೆ, ವಕೀಲರು ಕೇಳಿದ್ದಾರೆ, ಬ್ಲಾಕಿನಲ್ಲಿ ಪಕ್ಕದ ಹಾಸಿಗೆಯವನು ಕೇಳಿದ್ದಾನೆ. ಕೊನೆಗೆ ಅವನ ಹೆಸರು ಹೋಗಿ ಕೇಸು ಉಳಿಯುತ್ತದೆ; ಅವನು 'ಮರ್ಡರ್ ಕೇಸು', 'ಪೋಕ್ಸೊ ಕೇಸು', 'ಗಾಂಜಾ ಕೇಸು' ಆಗುತ್ತಾನೆ. ಗುರುಗಳು ಹೋಗಿ ಎದುರಿಗೆ ಕೂತು "ಏನಪ್ಪಾ, ಯಾವೂರು? ಊಟ ಆಯ್ತಾ? ನಿದ್ದೆ ಬರುತ್ತಾ?" ಎಂದು ಕೇಳಿದರೆ ಅವನಿಗೆ ಗಲಿಬಿಲಿಯಾಗುತ್ತದೆ. ನಿದ್ದೆ ಬರುತ್ತದಾ ಎಂಬುದನ್ನು ಒಳಗೆ ಬಂದ ಮೇಲೆ ಯಾರೂ ಕೇಳಿರುವುದಿಲ್ಲ. ನಾನು ಬಲ್ಲ ಅನುಭವಿಗಳೆಲ್ಲ ನಿದ್ದೆಯಿಂದಲೇ ಮಾತು ಶುರುಮಾಡುತ್ತಾರೆ. ನಿದ್ದೆಯ ಮಾತು ಬಂದರೆ ಹಿಂದೆಯೇ ಕನಸಿನ ಮಾತು ಬರುತ್ತದೆ. ಕನಸಿನ ಹಿಂದೆ ಮನೆ ಬರುತ್ತದೆ. ಕೇಸು ಬರುವುದಾದರೆ ಎಲ್ಲಕ್ಕಿಂತ ಕೊನೆಗೆ, ಅವನಾಗಿಯೇ ತೆಗೆದರೆ. ಅದಕ್ಕೆ ಆರು ತಿಂಗಳು ಹಿಡಿಯಬಹುದು. ಬಾರದೆಯೂ ಹೋಗಬಹುದು.

ಎರಡನೆಯ ಪಾಠ, ಹೇಳಿದ ದಿನ ಹೋಗುವುದು. ಕೇಳಲು ಇಷ್ಟೇನಾ ಎನಿಸುತ್ತದೆ. ಒಳಗಿರುವವರ ಕಾಲದ ಲೆಕ್ಕ ನಮ್ಮದಲ್ಲ. ಸೇಲಂ ಕಡೆ ಜೈಲಿನ ಭೇಟಿಗೆ 'ಮನು' ಎನ್ನುತ್ತಾರೆ. ಭೇಟಿ ಬೇಡಿ ಬರೆದುಕೊಡುವ ಅರ್ಜಿಯ ಹೆಸರೇ ಭೇಟಿಗೂ ಅಂಟಿಕೊಂಡಿದೆ. ಡೆಂಕಣಿಕೋಟೆ ಕಡೆಯ ಕೂಲಿಯ ಹೆಂಡತಿ ಮನು ನೋಡಲು ಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು, ಹೋಗಿಬರುವ ಬಸ್ ಚಾರ್ಜು ಹೋಯಿತು, ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಡಬೇಕಾಯಿತು. ಮೊದಲು ವಾರಕ್ಕೊಮ್ಮೆ ಬಂದವಳು ತಿಂಗಳಿಗೊಮ್ಮೆ ಬರುತ್ತಾಳೆ, ಆಮೇಲೆ ಹಬ್ಬಕ್ಕೊಮ್ಮೆ. ವಾಯಿದೆಯ ದಿನ ಕೋರ್ಟಿಗೆ ಕರೆದೊಯ್ಯಲು ಬೆಂಗಾವಲು ಸಿಗದಿದ್ದರೆ ವಾಯಿದೆ ಮುಂದೆ ಹೋಗುತ್ತದೆ. ವಕೀಲರು ಬರುತ್ತೇನೆಂದವರು ಬರುವುದಿಲ್ಲ. ಅವನ ಬದುಕಿನಲ್ಲಿ ಯಾರು ಯಾವ ದಿನ ಕೊಟ್ಟರೂ ಅದು ಸುಳ್ಳಾಗುತ್ತಲೇ ಬಂದಿದೆ. ಅಂಥಲ್ಲಿ ಯಾರೋ ಒಬ್ಬರು ಮುಂದಿನ ಮಂಗಳವಾರ ಬರುತ್ತೇನೆ ಎಂದು ಹೇಳಿ ಮಂಗಳವಾರವೇ ಬಂದರೆ, ಮತ್ತೆ ಬಂದರೆ, ಮಳೆಯಲ್ಲೂ ಬಂದರೆ, ಅದೇ ಒಂದು ಉಪದೇಶ. ಬೇರೆ ಉಪದೇಶ ಆಮೇಲೆ ಮಾಡಿದರೂ ನಡೆಯುತ್ತದೆ, ಮಾಡದಿದ್ದರೂ ನಡೆಯುತ್ತದೆ. ಆ ಸಿಸ್ಟರ್ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ತಾವು ಕೊಟ್ಟ ಮಾತುಗಳನ್ನು ಮಾತ್ರ ಬರೆದಿಟ್ಟುಕೊಳ್ಳುತ್ತಿದ್ದರು. ಕೈದಿಗಳು ಹೇಳಿದ್ದನ್ನು ಬರೆಯುತ್ತಿರಲಿಲ್ಲ. 'ಕನ್ನಡಕ', 'ಅಮ್ಮನ ಬಿ.ಪಿ. ಕೇಳಿಕೊಂಡು ಬರುವುದು', 'ಕೀರ್ತನೆ ಪುಸ್ತಕ ದೊಡ್ಡ ಅಕ್ಷರದ್ದು'. ಆಗದ ಕೆಲಸಕ್ಕೆ ಹೂಂ ಎನ್ನದಿರುವುದೂ ಈ ಪಾಠದಲ್ಲೇ ಸೇರಿದೆ. ಜಾಮೀನು ಕೊಡಿಸುತ್ತೇನೆ ಎಂದು ಬಾಯಿತಪ್ಪಿ ಹೇಳಿದವರು ಆ ಬ್ಯಾರಕ್ಕಿಗೆ ಮತ್ತೆ ಮುಖ ತೋರಿಸುವುದು ಕಷ್ಟ.

ಈಗ ಈ ಕಸುಬಿನ ಅತ್ಯಂತ ಸೂಕ್ಷ್ಮ ಭಾಗಕ್ಕೆ ಬರುತ್ತೇನೆ. ಕನ್ನಡದಲ್ಲಿ ನಮಗೆ ಎರಡು ಪದಗಳಿವೆ: ತಪ್ಪೊಪ್ಪಿಗೆ, ಪಾಪನಿವೇದನೆ. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದ. ಸೆರೆಯಲ್ಲಿ ಈ ಎರಡು ಪದಗಳ ನಡುವಿನ ಅಂತರ ಎಷ್ಟು ದೊಡ್ಡದೆಂದು ಅಲ್ಲಿ ಕೂತು ಕೇಳಿದವರಿಗೇ ಗೊತ್ತು. ತಪ್ಪೊಪ್ಪಿಗೆ ಠಾಣೆಯ ಮಾತು. ಅದನ್ನು ಯಾರೋ ನಮ್ಮಿಂದ ತೆಗೆಸುತ್ತಾರೆ, ಹಲವು ಸಲ ಹೊಡೆದು ತೆಗೆಸುತ್ತಾರೆ. ಅದಕ್ಕಾಗಿಯೇ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು 1872ರ ಸಾಕ್ಷ್ಯ ಕಾಯಿದೆಯ ಕಾಲದಿಂದಲೂ ಇದೆ. ಪಾಪನಿವೇದನೆ ಹಾಗಲ್ಲ, ಅದನ್ನು ಮನುಷ್ಯ ತಾನಾಗಿಯೇ ದೇವರ ಮುಂದೆ ಇಡುತ್ತಾನೆ, ಕೇಳಲು ಒಬ್ಬ ಗುರು ಕಿವಿಗೊಟ್ಟು ಕೂತಿರುತ್ತಾನೆ. ಒಂದರ ಕೊನೆಗೆ ಶಿಕ್ಷೆ, ಇನ್ನೊಂದರ ಕೊನೆಗೆ ಕ್ಷಮೆ.

ಆದರೆ ಏಟು ತಿಂದು ಬಂದವನ ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ. 'ಪಾಪ ಒಪ್ಪಿಕೋ' ಎಂದು ಹೊಸ ಹುರುಪಿನ ಪಾಸ್ಟರೊಬ್ಬರು ಗಟ್ಟಿಯಾಗಿ ಹೇಳಿದರೆ ಅವನಿಗೆ ಲಾಠಿ ನೆನಪಾಗುತ್ತದೆ. ನುರಿತ ಗುರುಗಳು ಇಲ್ಲಿ ಬಹಳ ನಿಧಾನ. ಪಾಪನಿವೇದನೆ ಎಂಬ ಪದವನ್ನೇ ತಿಂಗಳುಗಟ್ಟಲೆ ಎತ್ತದವರಿದ್ದಾರೆ. ಇನ್ನೂ ಒಂದು ತೊಡಕಿದೆ. ಒಳಗಿರುವವರಲ್ಲಿ ವಿಚಾರಣಾಧೀನರೇ ಹೆಚ್ಚು. ದೇಶದ ಲೆಕ್ಕದಲ್ಲಿ ನಾಲ್ವರಲ್ಲಿ ಮೂವರು ಅವರೇ. ಅವನು ತಪ್ಪು ಮಾಡಿರಬಹುದು, ಮಾಡದೆಯೂ ಇರಬಹುದು. ಕೋರ್ಟು ಇನ್ನೂ ಹೇಳಿಲ್ಲ. ಅಂಥವನು ಆರೋಪದ ಮಾತನ್ನೇ ಗುರುಗಳ ಮುಂದೆ ಎತ್ತಿದರೆ, ಅದು ನಿವೇದನೆಯೋ ಮನಸ್ಸಿನ ಭಾರ ಇಳಿಸಿಕೊಳ್ಳುವ ಮಾತುಕತೆಯೋ ಎಂಬುದನ್ನು ಮೊದಲೇ ಸ್ಪಷ್ಟಮಾಡಿಕೊಳ್ಳಬೇಕು. ಏಕೆಂದರೆ ಪಾಪನಿವೇದನೆಯ ಸಂಸ್ಕಾರದಲ್ಲಿ ಕೇಳಿದ್ದನ್ನು ಗುರು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಜೀವ ಹೋದರೂ ಇಲ್ಲ. ಧರ್ಮಸಭೆಯ ಕಾನೂನು ಅದನ್ನು ಮುರಿಯಲಾಗದ ಮುದ್ರೆ ಎನ್ನುತ್ತದೆ. ನಮ್ಮ ದೇಶದ ಸಾಕ್ಷ್ಯ ಕಾನೂನಿನಲ್ಲಿ ವಕೀಲ ಮತ್ತು ಕಕ್ಷಿದಾರನ ಮಾತಿಗೆ ರಕ್ಷಣೆ ಇದೆ, ಗಂಡ ಹೆಂಡತಿಯ ಮಾತಿಗೆ ಇದೆ. ಗುರುವಿಗೆ ಹೇಳಿದ ಪಾಪನಿವೇದನೆಗೆಂದು ಪ್ರತ್ಯೇಕ ರಕ್ಷಣೆ ಬರೆದಿಟ್ಟಿಲ್ಲ. ಅಂದರೆ ಆ ಮುದ್ರೆಯ ಭಾರವನ್ನು ಗುರು ತನ್ನ ಹೆಗಲ ಮೇಲೆಯೇ ಹೊತ್ತುಕೊಂಡು ಆ ದಿಡ್ಡಿ ಬಾಗಿಲಿನಿಂದ ಹೊರಗೆ ಬರಬೇಕು. ಹೊರಗೆ ಟೀ ಕುಡಿಯುವಾಗಲೂ ಅದು ಹೆಗಲ ಮೇಲೇ ಇರುತ್ತದೆ.

ಧರ್ಮಸಭೆಯ ಕಾನೂನಿನ ಒಂದು ಚಿಕ್ಕ ಮಾತು ನನಗೆ ಬಹಳ ಪ್ರಿಯ. 1983ರ ಸಂಹಿತೆಯ 566ನೆಯ ನಿಯಮ ಆಸ್ಪತ್ರೆ, ಸೆರೆಮನೆ ಮತ್ತು ಸಮುದ್ರಯಾನ, ಈ ಮೂರು ಜಾಗಗಳ ಗುರುವಿಗೆ ಹೊರಗಿನ ಸಾಧಾರಣ ಗುರುವಿಗಿಲ್ಲದ ಒಂದು ಅಧಿಕಾರ ಕೊಡುತ್ತದೆ. ಕೆಲವು ಬಗೆಯ ಬಹಿಷ್ಕಾರಗಳಿಂದ ಅವರು ಅಲ್ಲೇ ಬಿಡುಗಡೆ ಮಾಡಬಹುದು. ಅಧಿಕಾರ ಅಲ್ಲಿಗೇ ಸೀಮಿತ. ಹೊರಗೆ ಬಂದರೆ ಇಲ್ಲ. ರೋಗಿ, ಕೈದಿ, ಕಡಲ ಪಯಣಿಗ ಈ ಮೂವರೂ ಬೇರೆಲ್ಲಿಗೂ ಹೋಗಲಾರರು, ಕಾಯಲೂ ಅವರಿಗೆ ಹೊತ್ತು ಇರಲಿಕ್ಕಿಲ್ಲ ಎಂದು ಆ ನಿಯಮ ಬರೆದವರಿಗೆ ಅನ್ನಿಸಿರಬೇಕು.

ಇನ್ನು ಭಾಷೆಯ ಮಾತು. ಸೇಲಂ ಜೈಲಿನ ಪ್ರಾರ್ಥನೆ ನಡೆಯುವುದು ತಮಿಳಿನಲ್ಲಿ, ಅದು ಸಹಜ. ಗಡಿಯ ಕನ್ನಡದವರಿಗೆ ತಮಿಳು ಬಾರದೆಂದಲ್ಲ. ಸಂತೆಗೆ, ಬಸ್ಸಿಗೆ, ಕೋರ್ಟಿಗೆ ಅದೇ ಮಾತು. ಆದರೆ ಅಳುವುದು ಮನೆಮಾತಿನಲ್ಲಿ. ಗುಂಪಿನಲ್ಲಿ ಹಿಂದೆ ಗೋಡೆಗೊರಗಿ ಕೂತು ಬಾಯಿ ಬಿಡದ ಒಬ್ಬನನ್ನು ಆ ಸಿಸ್ಟರ್ ಮೂರು ವಾರ ಗಮನಿಸಿದರಂತೆ. ನಾಲ್ಕನೆಯ ವಾರ ಪಕ್ಕದಲ್ಲಿ ಹೋಗಿ ಕೂತು ಕನ್ನಡದಲ್ಲಿ "ನಿಮ್ಮಮ್ಮ ದೀಪ ಹಚ್ಚೋವಾಗ ಏನು ಹೇಳ್ತಿದ್ರು?" ಎಂದು ಕೇಳಿದರು. ಅವನು ಕ್ರೈಸ್ತನೇ ಅಲ್ಲ. ಅಂಚೆಟ್ಟಿ ಕಡೆಯ ಲಿಂಗಾಯತರ ಹುಡುಗ, ನೆರಳಿಗೆಂದು ಅಲ್ಲಿ ಬಂದು ಕೂರುತ್ತಿದ್ದ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕನ್ನಡದಲ್ಲಿ ಎರಡು ಸಾಲು ಮೆಲ್ಲಗೆ ಹೇಳಿದ. ಸಿಸ್ಟರ್ ಕೈಮುಗಿದು ಕೂತು ಕೇಳಿದರು. "ಅವತ್ತು ನಾನು ಬೈಬಲ್ ತೆಗೀಲೇ ಇಲ್ಲ," ಎಂದು ಅವರು ಹೇಳುವಾಗ ಅವರ ಮುಖದಲ್ಲಿ ಸಂಕೋಚ ಇರಲಿಲ್ಲ, ಒಂದು ಬಗೆಯ ತೃಪ್ತಿ ಇತ್ತು.

ಇದನ್ನು ಹೇಳಲು ಕಾರಣವಿದೆ. ಬೀಗದೊಳಗಿರುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ. ಹೊರಗಿನಿಂದ ಬಂದವರು ಕೊಡುವ ಸೋಪು, ಬಿಸ್ಕತ್ತು, ಒಂದು ನಗುಮುಖ ಎಲ್ಲಕ್ಕೂ ಅವನಿಗೆ ಹಂಬಲವಿರುತ್ತದೆ. ಆ ಹಂಬಲವನ್ನು ಹಿಡಿದು ಅವನ ಧರ್ಮ ಬದಲಿಸಲು ಹೊರಟರೆ ಅದು ಸೇವೆಯಲ್ಲ ಎಂದು ಈ ಕೆಲಸ ಬಲ್ಲವರು ಖಂಡತುಂಡವಾಗಿ ಹೇಳುತ್ತಾರೆ, ನಾನೂ ಹೇಳುತ್ತೇನೆ. ಹಾಗೆಯೇ ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಕೇಕು ಹಂಚಿ ಫೋಟೊ ತೆಗೆಸಿಕೊಂಡು ಬರುವುದೂ ಈ ಕಸುಬಲ್ಲ. ಕೇಕು ಒಳ್ಳೆಯದೇ, ಮಕ್ಕಳಂತೆ ತಿನ್ನುತ್ತಾರೆ. ಆದರೆ ಜನವರಿಯ ಮೊದಲ ಮಂಗಳವಾರ ಯಾರು ಬಂದರು ಎಂಬುದನ್ನು ಅವರು ಎಣಿಸಿಟ್ಟುಕೊಳ್ಳುತ್ತಾರೆ.

ಗುರುಗಳಿಗೆ ಬೈಬಲ್ ಗೊತ್ತಿದ್ದರೆ ಸಾಲದು, ಕಾನೂನೂ ಅಷ್ಟಿಷ್ಟು ಗೊತ್ತಿರಬೇಕು. ಜಾಮೀನು ಸಿಕ್ಕಿದೆ, ಆದೇಶವೂ ಬಂದಿದೆ, ಶ್ಯೂರಿಟಿ ನಿಲ್ಲಲು ಜಮೀನಿನ ಪಹಣಿ ಇರುವ ಒಬ್ಬ ನೆಂಟನಿಲ್ಲ. ಅದೊಂದೇ ಕಾರಣಕ್ಕೆ ಒಳಗೇ ಕೊಳೆಯುವವರಿದ್ದಾರೆ. ಜಾಮೀನು ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಶ್ಯೂರಿಟಿ ಹೊಂದಿಸಲಾಗದೆ ಒಂದು ತಿಂಗಳಾದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಯೋಚಿಸಬಹುದು. ಬಂಧನದಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಹಕ್ಕು 1987ರ ಕಾಯಿದೆಯಲ್ಲೇ ಇದೆ. ಇಷ್ಟನ್ನು ತಿಳಿದು, ಯಾವ ಮೇಜಿಗೆ ಯಾವ ಕಾಗದ ಹೋಗಬೇಕೆಂದು ಒಳಗಿನ ಕಲ್ಯಾಣಾಧಿಕಾರಿಗೆ ನೆನಪಿಸಿದರೆ ಒಬ್ಬನ ಬಾಗಿಲು ತೆರೆದೀತು. ಬೇರೆ ಗುರುಗಳು ಆಸ್ಪತ್ರೆಯ ವಾರ್ಡು ತಿಳಿದುಕೊಂಡಂತೆ ಇವರು ಕೋರ್ಟಿನ ವರಾಂಡ ತಿಳಿದುಕೊಂಡಿರುತ್ತಾರೆ.

ಒಳಗಿರುವವನು ತಪ್ಪಿತಸ್ಥನೇ ಎಂದು ಮೊದಲೇ ತೀರ್ಮಾನಿಸುವವರಿಗೆ ಧರ್ಮಪುರಿ ಜಿಲ್ಲೆಯೇ ಒಂದು ಉತ್ತರ ಕೊಟ್ಟಿದೆ. 1992ರ ಜೂನ್ 20ರಂದು ಹರೂರು ತಾಲ್ಲೂಕಿನ ವಾಚಾತಿ ಎಂಬ ಮಲೆಯಾಳಿ ಬುಡಕಟ್ಟಿನ ಊರಿಗೆ ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ನುಗ್ಗಿದರು. ಮನೆಗಳನ್ನು ಹಾಳುಗೆಡವಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಆಮೇಲೆ ಜೈಲಿಗೆ ಹೋದವರು ನುಗ್ಗಿದವರಲ್ಲ, ಊರವರು. ಕೈಕೂಸುಗಳ ತಾಯಂದಿರೂ ಅವರಲ್ಲಿದ್ದರು. ಹತ್ತೊಂಬತ್ತು ವರ್ಷದ ಮೇಲೆ, 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಕೋರ್ಟು 269 ಆರೋಪಿಗಳಲ್ಲಿ ಆಗ ಬದುಕಿದ್ದ 215 ಮಂದಿಯನ್ನೂ ತಪ್ಪಿತಸ್ಥರೆಂದು ಹೇಳಿತು. ಮದ್ರಾಸ್ ಹೈಕೋರ್ಟು 2023ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಸೆರೆಯಲ್ಲಿ ಕೂತ ಆ ವಾಚಾತಿಯ ತಾಯಿಯ ಎದುರಿಗೆ ಒಬ್ಬ ಉಪದೇಶಕ ಹೋಗಿ ಪಶ್ಚಾತ್ತಾಪದ ಮಾತಾಡಿದ್ದರೆ? ಯೋಚಿಸಿದರೆ ಮೈ ಜುಂ ಎನ್ನುತ್ತದೆ. ಅದಕ್ಕೇ ಮೊದಲು ಕೇಳಿಸಿಕೊಳ್ಳಬೇಕು. ಹಾಗೆ ಕೇಳಿಸಿಕೊಂಡವರೂ ಇದ್ದಾರೆ: ತಿರುಚ್ಚಿಯ ಕಡೆ ಹುಟ್ಟಿ, ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ಬಹುಕಾಲ ಕೆಲಸ ಮಾಡಿದ ಜೆಸುಯಿಟ್ ಗುರು ಸ್ಟ್ಯಾನ್ ಸ್ವಾಮಿ ಜಾರ್ಖಂಡಿನಲ್ಲಿ ವಿಚಾರಣೆಯಿಲ್ಲದೆ ಕೂತ ಆದಿವಾಸಿ ಹುಡುಗರ ಪರವಾಗಿ ಓಡಾಡಿದರು; ಕೊನೆಗೆ ತಾವೇ ವಿಚಾರಣಾಧೀನ ಕೈದಿಯಾಗಿ 2021ರ ಜುಲೈ 5ರಂದು ತೀರಿಹೋದರು.

ಭರವಸೆ ಕೊಡುವುದು ಹೇಗೆ? ಸುಳ್ಳು ಹೇಳದೆ ಭರವಸೆ ಕೊಡುವುದು ಇದರಲ್ಲಿ ಅತಿ ಕಷ್ಟದ ವಿದ್ಯೆ. ಮೇಟ್ಟೂರಿನ ಮೇಲ್ಗಡೆ, ಎರಡು ರಾಜ್ಯಗಳ ಗಡಿಯಲ್ಲಿರುವ ಪಾಲಾರ್ ಬಳಿ 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ಸಿಡಿಸಿದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆ ಪ್ರಕರಣದಲ್ಲಿ ನಾಲ್ವರಿಗೆ ಮೈಸೂರಿನ ಟಾಡಾ ಕೋರ್ಟು ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. 2013ರ ಫೆಬ್ರವರಿಯಲ್ಲಿ ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್ ಮತ್ತೆ ಜೀವಾವಧಿಗೆ ಇಳಿಸಿತು. ಹತ್ತು ವರ್ಷ ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನೇಣಿನ ನೆರಳಲ್ಲಿ ಎದ್ದು ಮಲಗಿದರು. ಅಂಥವರ ಪಕ್ಕ ಕೂರುವವರು ಬಿಡುಗಡೆಯಾಗುತ್ತದೆ ಎನ್ನುವಂತಿಲ್ಲ, ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ಸತ್ತ 22 ಮನೆಗಳ ದುಃಖವನ್ನು ಬದಿಗಿಟ್ಟು ಮಾತಾಡುವಂತಿಲ್ಲ. ಉಳಿಯುವುದು ಈ ದಿನ ಮಾತ್ರ: ಇವತ್ತು ನಿನ್ನ ಜೊತೆ ಇದ್ದೇನೆ, ಬಾ, ಒಟ್ಟಿಗೆ ಪ್ರಾರ್ಥಿಸೋಣ.

ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ದೊಡ್ಡ ಉದಾಹರಣೆ ಈ ಸೀಮೆಯದಲ್ಲ, ಇಂದೋರಿನದು. 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದಲ್ಲಿ ಸಿಸ್ಟರ್ ರಾಣಿ ಮರಿಯಾ ಅವರನ್ನು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮಂದರ್ ಸಿಂಗ್ ಎಂಬಾತ ಇರಿದು ಕೊಂದ. ಸ್ವಾಮಿ ಸದಾನಂದ ಎಂದು ಹೆಸರಾದ ಒಬ್ಬ ಕ್ಯಾಥೊಲಿಕ್ ಗುರು ಜೈಲಿಗೆ ಹೋಗಿ ಹೋಗಿ ಅವನ ಮನಸ್ಸನ್ನು ಹದಮಾಡಿದರು. 2002ರ ರಕ್ಷಾಬಂಧನದ ಹೊತ್ತಿಗೆ ಸತ್ತವರ ಒಡಹುಟ್ಟಿದ ತಂಗಿ, ತಾವೂ ಸಿಸ್ಟರ್ ಆದ ಸೆಲ್ಮಿ ಪಾಲ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಏಳು ವರ್ಷ! ಜನ ಆ ರಾಖಿಯನ್ನು ಕೊಂಡಾಡುತ್ತಾರೆ, ಕೊಂಡಾಡಬೇಕಾದ್ದೇ. ನನ್ನ ಕಣ್ಣು ಮಾತ್ರ ಅದಕ್ಕೂ ಹಿಂದಿನ ಆ ಫೋಟೊ ಇಲ್ಲದ ಭೇಟಿಗಳ ಕಡೆಗೇ ಹೋಗುತ್ತದೆ.

ವಾರ್ಡರುಗಳನ್ನು ಮರೆಯಬಾರದು. ಅಪೊಸ್ತಲರ ಕೃತ್ಯಗಳಲ್ಲಿ ಫಿಲಿಪ್ಪಿ ಊರಿನ ಸೆರೆಯ ಕಥೆ ಬರುತ್ತದೆ. ನಡುರಾತ್ರಿ ಪೌಲ, ಸೀಲರು ಕಾಲಿಗೆ ಕೋಳ ತೊಟ್ಟು ಹಾಡುತ್ತಿದ್ದಾಗ ಭೂಕಂಪವಾಗಿ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ. ಕೈದಿಗಳು ಓಡಿಹೋದರೆಂದು ಹೆದರಿ ಸೆರೆಯ ಅಧಿಕಾರಿ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಡುತ್ತಾನೆ. ಪೌಲ ಕೂಗಿ ತಡೆಯುತ್ತಾನೆ. ಆ ರಾತ್ರಿ ಮೊದಲು ಉಳಿದದ್ದು ಕಾವಲುಗಾರನ ಜೀವ. ವಾರ್ಡರೂ ಅದೇ ಗೋಡೆಯೊಳಗೆ ಶಿಫ್ಟು ಮುಗಿಸುವವನು. ಅವನಿಗೂ ಸಾಲ, ಸಕ್ಕರೆ ಕಾಯಿಲೆ, ಮಗಳ ಮದುವೆ. ಗೇಟಿನಲ್ಲಿ ಎರಡು ನಿಮಿಷ ನಿಂತು ಅವನ ಮಾತನ್ನೂ ಕೇಳುವ ಗುರುಗಳಿಗೆ ಬ್ಯಾರಕ್ಕಿನೊಳಗೆ ಕೆಲಸ ಸುಲಭವಾಗುತ್ತದೆ ಎಂಬುದು ನಿಜ. ಅದಕ್ಕಾಗಿಯೇ ಅಲ್ಲದೆ, ಅವನೂ ಆರೈಕೆಗೆ ಬಾಕಿ ಇರುವವನು ಎಂದು ಕೇಳುವವರು ನಿಜವಾದ ಕಸುಬುದಾರರು.

ಬಿಡುಗಡೆಯ ದಿನದ ಬಗ್ಗೆ ಹೇಳಿ ಮುಗಿಸುತ್ತೇನೆ. ಹೊರಗೆ ಬರುವವನಿಗೆ ಹಾರ ಹಾಕಬಾರದು, ಗುಂಪು ಕಟ್ಟಿಕೊಂಡು ನಿಲ್ಲಬಾರದು. ಒಬ್ಬರು ಸಾಕು. ರಸ್ತೆಯಾಚೆ ಟೀ ಅಂಗಡಿಯ ಬಳಿ ನಿಂತಿರುವುದು, ಅವನೇ ನೋಡಿ ಬರುವ ತನಕ ಕಾಯುವುದು. ಮನೆಯವರು ಬಂದಿದ್ದರೆ ದೂರದಿಂದಲೇ ನೋಡಿ ಮರಳುವುದು. ಎಂಟೊಂಬತ್ತು ವರ್ಷ ಒಳಗಿದ್ದವನಿಗೆ ರಸ್ತೆ ದಾಟಲೂ ಭಯ. ಟೀಗೆ ದುಡ್ಡು ಕೊಡಲು ಎಲ್ಲರೂ ಮೊಬೈಲು ಎತ್ತಿ ಹಿಡಿಯುವುದನ್ನು ಅವನು ಕಂಡಿರುವುದಿಲ್ಲ. ಬಾಗಿಲ ಮುಂದೆ ನಿಂತು, ಯಾರಾದರೂ ಅದನ್ನು ತೆರೆಯಲಿ ಎಂದು ಕಾಯುವ ರೂಢಿ ಕೈಗೆ ಅಂಟಿಬಿಟ್ಟಿರುತ್ತದೆ. ಊರಿಗೆ ಹೋಗುವ ಮುಂಚೆ ಗುರುಗಳು ಅಲ್ಲಿಗೆ ಒಂದು ಸಲ ಹೋಗಿ ಬಂದಿರಬೇಕು. ಹೆಂಡತಿ ಏನೆನ್ನುತ್ತಾಳೆ, ಅಣ್ಣತಮ್ಮಂದಿರು ಸೇರಿಸುತ್ತಾರಾ, ಸತ್ತವನ ಮನೆಯವರು ಅದೇ ಬೀದಿಯಲ್ಲಿದ್ದಾರಾ, ಅವರ ಮನಸ್ಸು ಹೇಗಿದೆ. ಆ ಮನೆಯ ಬಾಗಿಲಿಗೂ ಹೋಗಿ ನಿಲ್ಲಬೇಕು, ಬೈಗುಳ ತಿನ್ನಬೇಕು. ಊರಿಗೆ ಹೋಗುವುದು ಸಾಧ್ಯವೇ ಇಲ್ಲ ಎನ್ನುವವರಿಗೆ ಪ್ರಿಸನ್ ಮಿನಿಸ್ಟ್ರಿಯಂಥವರು ನಡೆಸುವ ಪುನರ್ವಸತಿ ಕೇಂದ್ರಗಳಿವೆ.

ಹೀಗೆ ಒಬ್ಬನನ್ನು ಆ ಸಿಸ್ಟರ್ ಸೇಲಂ ಹೊಸ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಧರ್ಮಪುರಿ ಬಸ್ಸು ಹತ್ತಿಸಿ, ತಾವೂ ಪಕ್ಕದಲ್ಲಿ ಕೂತರು. ಓಮಲೂರು ದಾಟುವ ತನಕ ಅವನು ಕೈ ಎರಡೂ ಮೊಣಕಾಲ ಮೇಲಿಟ್ಟು ನೆಟ್ಟಗೆ ಕೂತಿದ್ದನಂತೆ, ಜೈಲಿನ ತಲೆಯೆಣಿಕೆಗೆ ಕೂತ ಹಾಗೆ. ತೊಪ್ಪೂರು ಘಾಟಿ ಬಂತು. ಬಸ್ಸು ಏರಿನಲ್ಲಿ ನರಳುತ್ತಾ ನಿಧಾನವಾಯಿತು. ಆಗ ಅವನು ತಲೆ ಹೊರಳಿಸಿ ಮೆಲ್ಲಗೆ ಕೇಳಿದ: "ಸಿಸ್ಟರ್, ಈ ಕಿಟಕಿ ತೆಗೀಬೋದಾ?"

"ನೀನೇ ತೆಗಿ," ಎಂದರು ಅವರು.